ಬೆನ್ನಿಗೆ 45 ಪರ್ಸೆಂಟ್, ದುಡಿಮೆಗೆ ಎಷ್ಟು?

ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿದವರನ್ನು "ನಿಮಗೆ ಕೆಲಸ ಮಾಡೋಕೆ ಆಗುತ್ತಾ?" ಅಂತ ಯಾರೂ ಕೇಳುವುದಿಲ್ಲ. ನಾಡ ಕಚೇರಿಯಲ್ಲಿ ಕೇಳಲ್ಲ, ಊರಿನ ವಿ.ಎ. (ಗ್ರಾಮ ಆಡಳಿತಾಧಿಕಾರಿ) ಕೇಳಲ್ಲ, ಸರ್ಟಿಫಿಕೇಟ್ ಕೊಡುವ ಮೆಡಿಕಲ್ ಬೋರ್ಡಿನ ಡಾಕ್ಟರೂ ಕೇಳಲ್ಲ. ಎಲ್ಲರಿಗೂ ಬೇಕಿರುವುದು ಒಂದೇ. ಅಂಗವೈಕಲ್ಯ ಎಷ್ಟು ಪರ್ಸೆಂಟು?

ನಮ್ಮ ಭಾವ ಅಡಿಕೆ ಕೊನೆ ಕೊಯ್ಯುವ ಕೆಲಸ ಮಾಡುತ್ತಿದ್ದರು. ಸೀಸನ್ನಿನಲ್ಲಿ ತೋಟದ ಯಜಮಾನರೇ ಮನೆ ಬಾಗಿಲಿಗೆ ಬಂದು ಕರೆಯುತ್ತಿದ್ದರು. ಒಂದು ಮರ ಹತ್ತಿದರೆ ಕೆಳಗಿಳಿಯದೆ ಮರದಿಂದ ಮರಕ್ಕೆ ಹಾಯುತ್ತಾ ಹೋಗುವಷ್ಟು ಚುರುಕು. ಮಳೆ ಬಿಟ್ಟ ಮಾರನೇ ದಿನ ಜಾರಿ ಬಿದ್ದರು. ಬೆನ್ನುಮೂಳೆ ಮುರಿಯಿತು, ಆಪರೇಷನ್ ಆಯಿತು, ರಾಡ್ ಹಾಕಿದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಅರ್ಧ ಗಂಟೆ ಕೂತರೆ ಎದ್ದು ಮಲಗಬೇಕು. ಮೂತ್ರ ಯಾವಾಗ ಬರುತ್ತದೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಮದುವೆ ಮನೆಗೂ ಬರುವುದಿಲ್ಲ.

ಬೋರ್ಡಿನ ದಿನ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕೆಟ್ಟವರೇನಲ್ಲ. ಹೊರಗೆ ಅಷ್ಟುದ್ದ ಸಾಲಿತ್ತು, ಪಾಪ ಅವರಿಗೂ ಉಸಿರಾಡಲು ಪುರುಸೊತ್ತಿಲ್ಲ. ಕಾಲು ಎತ್ತಿ ಅಂದರು. ನಮ್ಮ ಭಾವ ಹಲ್ಲು ಕಚ್ಚಿಕೊಂಡು ಎತ್ತಿಯೇ ಬಿಟ್ಟರು! ಹತ್ತು ಜನರ ಮುಂದೆ ಆಗಲ್ಲ ಅನ್ನೋಕೆ ಅವರ ಬಾಯಿ ಬರುವುದಿಲ್ಲ. ಬಗ್ಗಿ ಅಂದರು, ಬಗ್ಗಿದರು. ಕೋನ ಅಳೆದು ಬರೆದುಕೊಂಡರು. "ಮೊದಲು ಏನು ಕೆಲಸ ಮಾಡ್ತಿದ್ರಿ?" ಅನ್ನುವ ಪ್ರಶ್ನೆಯೇ ಬರಲಿಲ್ಲ. ಅವರ ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ ಅಂದಮೇಲೆ ಅವರಾದರೂ ಯಾಕೆ ಕೇಳಬೇಕು? 45 ಪರ್ಸೆಂಟ್ ಬಂತು. ಅದೂ ತಾತ್ಕಾಲಿಕ ಸರ್ಟಿಫಿಕೇಟು, ಅವಧಿ ಮುಗಿದ ಮೇಲೆ ಮತ್ತೆ ಬರಬೇಕು.

ಕಾರಿಡಾರಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ಪೋಲಿಯೊ, ಕಾಲಿಗೆ ಕ್ಯಾಲಿಪರ್, ಅವನದು 60 ಪರ್ಸೆಂಟ್. ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆ ಮೀಸಲಾತಿ ಬೇಕು, ಕೆಲಸ ಸಿಕ್ಕ ಮೇಲೆ ಆಫೀಸಿನಲ್ಲಿ ರ್‍ಯಾಂಪ್ ಬೇಕು. ಪಿಂಚಣಿ ಬೇಡವೇ ಬೇಡ ಅಂದ. ಲೆಕ್ಕದಲ್ಲಿ ಅವನು ನಮ್ಮ ಭಾವನಿಗಿಂತ ಜಾಸ್ತಿ ಅಂಗವಿಕಲ. ಆದರೆ ದುಡಿದು ತಿನ್ನಬಲ್ಲ. ಭಾವನಿಗೆ ಅದು ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಆಗಿಲ್ಲ, ಗೊತ್ತಿದ್ದ ಕೆಲಸ ಮರ ಹತ್ತುವುದೊಂದೇ.

ನನ್ನ ತಕರಾರು ಇಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ 40 ಪರ್ಸೆಂಟ್ ಅಂತ ಇದೆ. ಕೆಲಸ ಮಾಡಬಲ್ಲವನಿಗೆ ಕೆಲಸ ಕೊಡೋಕೂ ಅದೇ 40, ಕೆಲಸ ಮಾಡಲಾಗದವನಿಗೆ ಪಿಂಚಣಿ ಕೊಡೋಕೂ ಅದೇ 40. ಎರಡಕ್ಕೂ ಒಂದೇ ಅಳತೆ ಹೇಗೆ ಸರಿ ಹೋಗುತ್ತೆ?

ಬೇರೆ ದಾರಿ ಇಲ್ಲವೇ ಅಂದರೆ ಇದೆ, ನಮ್ಮ ಕಾನೂನಿನಲ್ಲೇ ಇದೆ. ಕಾರ್ಖಾನೆಯಲ್ಲಿ ಇಎಸ್‌ಐ (ನೌಕರರ ವಿಮೆ) ಇರುವವರಿಗೆ ಕೆಲಸದಲ್ಲಿ ಪೆಟ್ಟಾದರೆ ಅಲ್ಲಿ ನೋಡುವುದು ಗಳಿಕೆಯ ಶಕ್ತಿ ಎಷ್ಟು ಹೋಯಿತು ಅಂತ. ಹಿಂದಿನ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೂ ಹಾಗೇ ಇತ್ತು. ವಾಹನ ಅಪಘಾತದ ಪರಿಹಾರದ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ, ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ, ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಡ್ರೈವರ್‌ಗೋ ಬಡಗಿಗೋ ದುಡಿಮೆಯೇ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಸಂಬಳದಲ್ಲಿ ಏನೂ ನಷ್ಟ ಆಗದೆಯೂ ಇರಬಹುದು. ಬಸ್ಸು ಗುದ್ದಿ ಬೆನ್ನು ಮುರಿದರೆ ಈ ಲೆಕ್ಕ ಸಿಗುತ್ತದೆ. ಅಡಿಕೆ ಮರದಿಂದ ಬಿದ್ದು ಪಿಂಚಣಿ ಕೇಳಿದರೆ ಸಿಗುವುದಿಲ್ಲ. ಮಾನಸಿಕ ಕಾಯಿಲೆ ಅಳೆಯುವ ಐಡಿಯಾಸ್ ಅನ್ನುವ ಪಟ್ಟಿಯಲ್ಲಂತೂ "ಕೆಲಸ" ಅಂತಲೇ ಒಂದು ಕಾಲಂ ಇದೆ. ಅಂದರೆ ಹೇಗೆ ಕೇಳಬೇಕು ಅಂತ ಇವರಿಗೆ ಗೊತ್ತು. ಬೆನ್ನು, ಕೈಕಾಲಿನ ವಿಷಯಕ್ಕೆ ಬಂದಾಗ ಮಾತ್ರ ಮರೆತು ಹೋಗುತ್ತೆ.

ಇನ್ನು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರ ಕಥೆ ಕೇಳಲೇಬೇಡಿ. ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಹಳೇ 1995ರ ಕಾಯ್ದೆಯಲ್ಲಿ ಇದ್ದದ್ದು 7. ಒಳ್ಳೆಯದೇ ಆಯಿತು. ಆದರೆ ಆ 21ರಲ್ಲಿ ಕಿಡ್ನಿ ವೈಫಲ್ಯ ಇಲ್ಲ, ಕ್ಯಾನ್ಸರೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. 40 ದಾಟಿ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ. ಅದೂ ರಾಜ್ಯದ 2022ರ ಬಜೆಟ್‌ನಲ್ಲಿ 600ರಿಂದ ಏರಿಸಿದ್ದು. 75ರ ಮೇಲಾದರೆ 1400. ಅದೇ ಬಜೆಟ್‌ನಲ್ಲಿ ಸಂಧ್ಯಾ ಸುರಕ್ಷಾ 1200 ಆಯಿತು. ಅಜ್ಜ ಅಜ್ಜಿಯರಿಗೆ ಸಿಗಲಿ, ಇನ್ನೂ ಜಾಸ್ತಿ ಸಿಗಲಿ, ಅದರ ಬಗ್ಗೆ ಮಾತೇ ಇಲ್ಲ. ಆದರೆ 2016ರ ಕಾಯ್ದೆಯ 24ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಅಂಗವಿಕಲರಿಗೆ ಕೊಡುವ ನೆರವು ಬೇರೆಯವರ ಅದೇ ಥರದ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಜಾಸ್ತಿ ಇರಬೇಕು. 1200ರ ಮೇಲೆ ಶೇ 25 ಅಂದರೆ 1500. 800 ಬಿಡಿ, 1400 ಕೂಡ ಅಲ್ಲಿಗೆ ಮುಟ್ಟುವುದಿಲ್ಲ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಯೋಜನೆ ಮಾಡಬೇಕು ಅಂತ ಅದೇ ಸೆಕ್ಷನ್ನಿನಲ್ಲಿ ಒಂದು ಸಾಲೂ ಇದೆ. ಆ ಸಾಲು ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿರುತ್ತೆ. ಕೇಂದ್ರದ ಪಾಲು ಕೇಳಿದರೆ ನಗು ಬರುತ್ತೆ. ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಗೆ ಅವರು ಕೊಡುವುದು ತಿಂಗಳಿಗೆ 300 ರೂಪಾಯಿ, ಅದೂ 80 ಪರ್ಸೆಂಟ್ ದಾಟಿದ ಬಿಪಿಎಲ್‌ನವರಿಗೆ.

ಆದಾಯದ ಮಿತಿ ಅಂತ ಇನ್ನೊಂದು ತಮಾಷೆ ಇದೆ. ವರ್ಷಕ್ಕೆ 32 ಸಾವಿರದ ಒಳಗಿರಬೇಕು. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಕ್ಕ ನೂರು ದಿನ ನರೇಗಾಕ್ಕೆ ಹೋಗಿದ್ದರೆ 34,900 ಆಗುತ್ತಿತ್ತು, ಅಲ್ಲಿಗೆ ಮಿತಿ ದಾಟಿತು! ಅಂದರೆ ಸರ್ಕಾರ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದರೆ ಸರ್ಕಾರದ ಲೆಕ್ಕದಲ್ಲೇ ಈ ಮನೆಗೆ ನೆರವು ಬೇಡ. ಅದಕ್ಕೇ ಊರಲ್ಲಿ ಎಲ್ಲರ ಆದಾಯ ಪ್ರಮಾಣಪತ್ರದಲ್ಲೂ ಹೆಚ್ಚುಕಮ್ಮಿ ಒಂದೇ ನಂಬರು ಇರುತ್ತೆ. ಬರೆಯುವವರಿಗೂ ಗೊತ್ತು, ಬರೆಸುವವರಿಗೂ ಗೊತ್ತು. ನಿಜ ಹೇಳಿದರೆ ಕೆಡುವ ನಿಯಮ ಮಾಡಿಟ್ಟು ಆಮೇಲೆ ಜನ ಸುಳ್ಳು ಹೇಳ್ತಾರೆ ಅಂದರೆ ಹೇಗೆ?

"ನಕಲಿಗಳು ಜಾಸ್ತಿ, ಅದಕ್ಕೇ ಬಿಗಿ ಮಾಡಿದ್ದು" ಅಂತ ಯಾರಾದರೂ ಹೇಳ್ತೀರಿ, ಗೊತ್ತು. ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಕಲಿ ಸರ್ಟಿಫಿಕೇಟಿನಿಂದ ದೊಡ್ಡ ಲಾಭ ಆಗೋದು ಸೀಟಿಗೆ, ನೌಕರಿಗೆ. 800 ರೂಪಾಯಿಗೋಸ್ಕರ ಕೋಲು ಹಿಡಿದು ನಾಟಕ ಆಡಿ, ಜಿಲ್ಲಾ ಕೇಂದ್ರಕ್ಕೆ ಬಾಡಿಗೆ ಆಟೊ ಮಾಡಿಕೊಂಡು ಹೋಗಿ ಬರುವವನಿಗೆ ಕೈಯಿಂದಲೇ ಖರ್ಚು. ಬಿಗಿ ಆಗಿರುವುದು ಯಾರಿಗೆ ನೋಡಿ. ಮೊದಲು ಒಂದು ತಿಂಗಳೊಳಗೆ ಸರ್ಟಿಫಿಕೇಟ್ ಕೊಡಬೇಕು ಅಂತ ನಿಯಮ ಇತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು ಮೂರು ತಿಂಗಳು ಮಾಡಿದರು. ಎರಡು ವರ್ಷವಾದರೂ ತೀರ್ಮಾನ ಆಗದಿದ್ದರೆ ಹೊಸದಾಗಿ ಅರ್ಜಿ ಹಾಕಬೇಕಂತೆ. ತಡ ಮಾಡಿದ್ದು ಅವರು, ಮತ್ತೆ ಮೊದಲಿಂದ ಅಲೆಯಬೇಕಾದ್ದು ನಾವು.

ಈಗ ಅರ್ಜಿ ಹಾಕಲು ಹೊರಟವರಿಗೆ ನಾಲ್ಕು ಮಾತು. ಬೋರ್ಡಿನ ಮುಂದೆ ಗಟ್ಟಿಗತನ ತೋರಿಸಬೇಡಿ. ನೋವಾದರೆ ನೋವು ಅನ್ನಿ, ಮೂತ್ರದ ತೊಂದರೆ ಇದ್ದರೆ ನಾಚಿಕೆ ಬಿಟ್ಟು ಹೇಳಿ. ಒಂದಕ್ಕಿಂತ ಹೆಚ್ಚು ತೊಂದರೆ ಇದ್ದರೆ ಎಲ್ಲವನ್ನೂ ದಾಖಲು ಮಾಡಿಸಿ. ಎರಡನೆಯದನ್ನು ಪೂರ್ತಿ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರ ಇದೆ, ಆದರೂ ಪರ್ಸೆಂಟ್ ಏರುತ್ತೆ. ಡಿಸ್ಚಾರ್ಜ್ ಸಮ್ಮರಿ, ಎಕ್ಸರೇ, ಸ್ಕ್ಯಾನ್ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಂತ ಒಬ್ಬರು ಇರುತ್ತಾರೆ, ಅವರೂ ಅಂಗವಿಕಲರೇ, ಅವರಿಗೆ ಈ ದಾರಿ ಎಲ್ಲ ಗೊತ್ತು. ಹಣ ಮಂಜೂರಾದರೂ ಬರದಿದ್ದರೆ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿಸಿ. ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತೆ. ಎಷ್ಟೋ ಜನರ ದುಡ್ಡು ಅವರು ಮರೆತೇ ಬಿಟ್ಟ ಪಾಸ್‌ಬುಕ್ಕಿನಲ್ಲಿ ಬಿದ್ದಿರುತ್ತೆ.

ಪರ್ಸೆಂಟ್ ಕಡಿಮೆ ಬಂತು ಅನಿಸಿದರೆ ಸುಮ್ನೆ ವಾಪಸ್ ಬರಬೇಡಿ. ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ಇದನ್ನು ಬೋರ್ಡಿನ ಹತ್ತಿರ ಯಾರೂ ಹೇಳುವುದಿಲ್ಲ, ಗೋಡೆಯ ಮೇಲೂ ಬರೆದಿರಲಿಲ್ಲ. ಭಾವನದ್ದು ನಾವು ಹಾಕುತ್ತಿದ್ದೇವೆ. ಕೇಳದ ಪ್ರಶ್ನೆಗೆ ಉತ್ತರವನ್ನು ಅದರಲ್ಲೇ ಬರೆದಿದ್ದೇವೆ, ಇವರು ಏನು ಕೆಲಸ ಮಾಡುತ್ತಿದ್ದರು, ಈಗ ಅದರಲ್ಲಿ ಯಾವುದು ಆಗುವುದಿಲ್ಲ ಅಂತ ಒಂದೊಂದಾಗಿ. ಓದುತ್ತಾರೋ ಬಿಡುತ್ತಾರೋ, ಫೈಲಿನಲ್ಲಂತೂ ಇರುತ್ತೆ.