ಫ್ರಿಜ್ ಮೇಲಿನ ಬೈಗುಳ

ಹುಬ್ಬಳ್ಳಿಯಲ್ಲಿ ‘ಏನಲೇ ಮಂಗ್ಯಾ’ ಅಂದರೆ ಕುಶಲ ವಿಚಾರಿಸಿದ ಹಾಗೆ. ಬಹಳ ದಿನದ ಮೇಲೆ ಸಿಕ್ಕ ಗೆಳೆಯನಿಗೆ ‘ನಮಸ್ಕಾರ’ ಅಂದು ನೋಡಿ. ಸಾಲ ಕೇಳೋಕೆ ಬಂದಿದ್ದಾನೆ ಅಂತ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ನಮ್ಮ ಮಗನ ಶಾಲೆಯವರಿಗೆ ಇದು ಗೊತ್ತಿರಲಿಲ್ಲ. ಅವನು ಪಕ್ಕದ ಹುಡುಗನಿಗೆ ಅಕ್ಕರೆಯಿಂದಲೇ ‘ಮಂಗ್ಯಾನ ಮಗನ’ ಅಂದನಂತೆ. ಡೈರಿಯಲ್ಲಿ ಕೆಂಪು ಶಾಯಿ ಬಂತು.

ನನ್ನ ಹೆಂಡತಿ ಇಂಥದ್ದನ್ನು ಸುಮ್ನೆ ಬಿಡುವವಳಲ್ಲ. ಮರುದಿನವೇ ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿತು, ಬೈಗುಳದ ಬದಲು ಮನೆಮಂದಿಯೆಲ್ಲ ಹೇಳಬೇಕಾದ ಸಭ್ಯ ಇಂಗ್ಲಿಷ್ ಉದ್ಗಾರಗಳದ್ದು. ಸಿಟ್ಟು ಬಂದರೆ ‘ಡಾರ್ನ್’, ‘ಹೆಕ್’, ‘ಫಾರ್ ಪೀಟ್ಸ್ ಸೇಕ್’. ಗಾಬರಿಯಾದರೆ ‘ಗಾಶ್’, ‘ಗುಡ್ ಗ್ರೀಫ್’. ತೀರಾ ತಡೆಯಲು ಆಗದಿದ್ದರೆ ‘ಶುಗರ್’ ಅಥವಾ ‘ಫಜ್’.

ಫಜ್ ಅಂದರೆ ಹಾಲು, ಸಕ್ಕರೆ, ಬೆಣ್ಣೆ ಕಾಯಿಸಿ ಮಾಡುವ ಸಿಹಿ ತಿಂಡಿ. ಕೆಟ್ಟ ಮಾತಿನ ಮೊದಲ ಅಕ್ಷರ ಬಾಯಿಂದ ಹೊರಟಾಗಿದೆ. ಅಷ್ಟರಲ್ಲಿ ಪೊಲೀಸ್ ಕಂಡ ಆಟೋದ ಹಾಗೆ ಗಕ್ಕನೆ ತಿರುಗಿ ಮಿಠಾಯಿ ಅಂಗಡಿಗೆ ನುಗ್ಗಬೇಕು. ಇದನ್ನೇ ಧಾರವಾಡದಲ್ಲಿ ಮಾಡಿದರೆ? ಲೈನ್ ಬಜಾರಿನಲ್ಲಿ ಕಾಲು ತುಳಿದವನಿಗೆ ‘ಪೇಡೆ!’ ಅಂತ ಗದರಿದರೆ, ‘ಪಾಳಿ ಆ ಕಡೆ ಐತ್ರಿ’ ಅಂತಾನೆ.

ಇಂಗ್ಲಿಷರಿಗೆ ಈ ಕಸರತ್ತು ಅಂಟಿದ್ದರಲ್ಲಿ ದೇವರ ಭಯದ ಪಾಲೂ ಜಾಸ್ತಿಯೇ. ಸಿಟ್ಟಿನಲ್ಲಿ ದೇವರ ಹೆಸರು ಎತ್ತುವುದು ಅವರಲ್ಲಿ ಪಾಪ. 1606ರಲ್ಲಿ ಅದಕ್ಕೊಂದು ಕಾನೂನೇ ಬಂತು. ನಾಟಕದ ರಂಗದ ಮೇಲೆ ತಮಾಷೆಗೆ ದೇವರ ಹೆಸರು ಹೇಳಿದರೆ 10 ಪೌಂಡ್ ದಂಡ! ಹೀಗೆ ತಪ್ಪಿಸಿಕೊಳ್ಳುವ ಜನರ ಬಾಯಲ್ಲಿ ‘ಗಾಡ್’ ತಿರುಚಿಕೊಂಡು ‘ಗಾಶ್’ ಆಯಿತು, ‘ಹೆಲ್’ ಹೋಗಿ ‘ಹೆಕ್’ ಆಯಿತು. ‘ಬ್ಲೈಮಿ’ ಅನ್ನೋ ಇನ್ನೊಂದು ಉದ್ಗಾರದ ಹೊಟ್ಟೆಯಲ್ಲಂತೂ ‘ದೇವರು ನನ್ನ ಕಣ್ಣು ಕಳೀಲಿ’ ಅನ್ನೋ ಆಣೆಯೇ ಅಡಗಿದೆ. ಆ ಕಾನೂನು ನಮ್ಮ ಗದಗ ಕಡೆಯ ಜಾತ್ರೆ ನಾಟಕಗಳಿಗೆ ಬಂದಿದ್ದರೆ ಮಧ್ಯಂತರದೊಳಗೆ ಕಂಪನಿ ದಿವಾಳಿ. ನಾವು ಎಡವಿದರೂ ‘ಶಿವನೇ’, ಆಕಳಿಸಿದರೂ ‘ಶಿವನೇ’. ಅವನೇನೂ ಬೇಜಾರು ಮಾಡಿಕೊಂಡ ಹಾಗಿಲ್ಲ.

ಪಟ್ಟಿಯ ನಿಜವಾದ ಪರೀಕ್ಷೆ ನಡೆದದ್ದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ. ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ. ಹೆಮ್ಮೆಯ ವಿಷಯವೇ, ನಿಮ್ಮ ಬೋಗಿ ಆ ತುದಿಯಲ್ಲಿ ಇಲ್ಲದಿದ್ದರೆ. ಓಡುವಾಗ ರೊಟ್ಟಿ ಗಂಟು ಬಿಚ್ಚಿತು. ಖಡಕ್ ರೊಟ್ಟಿಗಳು ಅಂಚಿನ ಮೇಲೆ ನಿಂತು, ನಮಗಿಂತ ಮುಂದೆ ಉರುಳಿದವು. ಹೆಂಡತಿ ಪಟ್ಟಿಯಲ್ಲಿದ್ದ ಹಾಗೇ ‘ಓ, ಗುಡ್ ಗ್ರೀಫ್’ ಅಂದಳು. ಯಾರೂ ತಿರುಗಿ ನೋಡಲಿಲ್ಲ. ಫೋನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಂಡು ಒಬ್ಬ ದಾರಿ ಬಿಟ್ಟ, ಅಷ್ಟೇ.

ಹಿಂದೆ ಬರುತ್ತಿದ್ದ ಅವ್ವ ‘ಯವ್ವಾ, ಸತ್ನೆಪ್ಪೋ!’ ಅಂತ ಒಂದು ಕೂಗು ಹಾಕಿದಳು. ಚಹಾ ಮಾರುವವ ಕೆಟಲ್ ಕೆಳಗಿಟ್ಟು ಓಡಿಬಂದ. ಯಾರೋ ಬ್ಯಾಗ್ ಹೊತ್ತರು, ಯಾರೋ ಮಗನನ್ನು ಎತ್ತಿಕೊಂಡರು. ಮುದುಕರೊಬ್ಬರು ನೀರು ಕೊಟ್ಟು ‘ಏನಾತ್ರಿ ತಾಯಿ?’ ಅಂದರು.

‘ರೊಟ್ಟಿ’ ಅಂದಳು ಅವ್ವ.

ರೈಲೂ ಸಿಕ್ಕಿತು, ಅರ್ಧ ರೊಟ್ಟಿಯೂ ಸಿಕ್ಕಿತು. ಬ್ರಿಟಿಷರ ಉದ್ಗಾರ ಅಂದವರ ಕಿವಿಗೆ ಮಾತ್ರ ಕೇಳಿದರೆ ಸಾಕೇನೋ. ನಮ್ಮದು ಓಣಿ ಕೊನೆಯ ಮನೆಗೂ ಮುಟ್ಟಬೇಕು.

ಆದರೂ ಸೊಸೆಯ ಮಾತಿಗೆ ಬೆಲೆ ಕೊಡಬೇಕಲ್ವಾ? ಅವ್ವ ಪಟ್ಟಿಯಿಂದ ಹೇಳಲು ಸಲೀಸಾದ ಒಂದನ್ನು ಆರಿಸಿಕೊಂಡಳು. ಮೊನ್ನೆ ಹೊಸ್ತಿಲಿಗೆ ಹೆಬ್ಬೆರಳು ಬಡಿಯಿತು. ‘ಶುಗರ್!’ ಅಂತ ಜೋರಾಗಿ ಕೂಗಿದಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು.

‘ಎಷ್ಟ್ ಬಂದೈತ್ರಿ? ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?’

ಸಂಜೆಯೊಳಗೆ ಮನೆಗೆ ಮೆಂತ್ಯ, ಹಾಗಲಕಾಯಿ, ನೇರಳೆ ಬೀಜದ ಪುಡಿ ಎಲ್ಲಾ ಬಂದವು. ಹೆಬ್ಬೆರಳಿಗೆ ಮಾತ್ರ ಯಾರೂ ಅರಿಶಿನ ಹಚ್ಚಲಿಲ್ಲ.