ಏನ್ ಹಾಕಿದ್ರೂ ತಿನ್ನುತ್ತೆ

ಪೆಟ್ ಅಂಗಡಿಯಲ್ಲಿ ಬಿಳಿ ಇಲಿಮರಿಗಳ ಜೋಡಿಯನ್ನು ತೂತು ಹೊಡೆದ ರಟ್ಟಿನ ಡಬ್ಬಿಗೆ ಇಳಿಸುವಾಗ ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಊಟ ಏನು? ಉತ್ತರವೂ ಒಂದೇ. "ಇಲಿ ಅಲ್ವಾ ಸಾರ್, ಏನ್ ಹಾಕಿದ್ರೂ ತಿನ್ನುತ್ತೆ." ಲವ್ ಬರ್ಡ್ಸ್ ಕೊಂಡವರಿಗೆ ನವಣೆ ಪೊಟ್ಟಣ, ಮೀನು ಕೊಂಡವರಿಗೆ ಡಬ್ಬಿ ಆಹಾರ, ನಾಯಿಮರಿ ಕೊಂಡವರಿಗೆ ಅರ್ಧ ಗಂಟೆ ಉಪನ್ಯಾಸ. ಇಲಿ ಕೊಂಡವರಿಗೆ ಮಾತ್ರ ಈ ಒಂದು ಸಾಲು, ಅದೂ ಚಿಲ್ಲರೆ ಎಣಿಸುತ್ತಾ.

ತಿನ್ನುವುದಿಲ್ಲ ಸ್ವಾಮಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹೋಯಿತು. ಹಾಗಾಗಿ ಹೊಸ ತಿನಿಸು ಕಂಡರೆ ಮೊದಲು ಮೂಸುತ್ತದೆ, ಚೂರೇ ಚೂರು ಕಚ್ಚುತ್ತದೆ, ಆಮೇಲೆ ಹೊಟ್ಟೆ ಏನು ಹೇಳುತ್ತದೋ ಎಂದು ಕಾಯುತ್ತದೆ. ಕೆಟ್ಟರೆ ಮತ್ತೆ ಆ ರುಚಿಯ ಹತ್ತಿರ ಸುಳಿಯುವುದಿಲ್ಲ. ಇಲಿಪಾಷಾಣ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ವಾರ್ಫರಿನ್ ಜಾತಿಯ ವಿಷ ಕೆಲಸ ಮಾಡಲು ದಿನಗಳೇ ಹಿಡಿಯುವುದರಿಂದ ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ಇಲಿಗೆ ತಾಳೆ ಸಿಗುವುದಿಲ್ಲ. ಇಲಿಯ ನಾಲಿಗೆಯನ್ನು ಕೊಲ್ಲುವವರು ಅಭ್ಯಾಸ ಮಾಡಿದಷ್ಟು ಮಾರುವವರು ಮಾಡಿಲ್ಲ ಎಂಬುದು ನನ್ನ ತಕರಾರು.

ಮರಿಗಳು ಊಟ ಕಲಿಯುವುದು ಹಿರಿಯರ ಬಾಯಿ ಮೂಸಿ. ಕೆನಡಾದ ವಿಜ್ಞಾನಿ ಬೆನೆಟ್ ಗೇಲೆಫ್ 1980ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು: ಇಲಿಯ ಉಸಿರಿನಲ್ಲಿರುವ ಕಾರ್ಬನ್ ಡೈಸಲ್ಫೈಡ್ ಎಂಬ ರಾಸಾಯನಿಕದ ಜೊತೆ ಬೆರೆತು ಬಂದ ತಿನಿಸಿನ ವಾಸನೆಯನ್ನು ಇಲಿ ನಂಬುತ್ತದೆ. ಆದ್ದರಿಂದ ಮರಿ ಸೊಪ್ಪು ಮುಟ್ಟದಿದ್ದರೆ ಬಲವಂತ ಬೇಡ. ಮನೆಯಲ್ಲಿ ದೊಡ್ಡ ಇಲಿ ಇದ್ದರೆ ಮೊದಲು ಅದಕ್ಕೆ ತಿನ್ನಿಸಿ, ಆಮೇಲೆ ಮರಿಯ ಬಳಿ ಬಿಡಿ. ಮೂತಿಗೆ ಮೂತಿ ತಾಗಿಸಿಕೊಂಡು ಪಾಠ ನಡೆಯುತ್ತದೆ.

ಬೆಳೆಯುವ ಮರಿಗೆ ಪ್ರೋಟೀನು ಜಾಸ್ತಿ ಬೇಕು, ಆಹಾರದಲ್ಲಿ ನೂರಕ್ಕೆ 18-20ರಷ್ಟು. ಇಲಿಗೆಂದೇ ಮಾಡಿದ ಗಟ್ಟಿ ಉಂಡೆ ಸಿಕ್ಕರೆ ಅದೇ ಮುಖ್ಯ ಊಟ. ಜೊತೆಗೆ ಬೇಯಿಸಿದ ಮೊಟ್ಟೆಯ ಚೂರು, ಬೆಂದ ಹೆಸರುಬೇಳೆ, ಓಟ್ಸ್, ಸ್ವಲ್ಪ ಸೊಪ್ಪು. ಉಪ್ಪು, ಒಗ್ಗರಣೆ ಇಲ್ಲದೆ. ಹಸಿ ರಾಜ್ಮಾ ಬೇಡ. ಹಲ್ಲಿಗೆ ಅಂಟುವ ಹಲ್ವಾ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಂಡರೆ ಕಕ್ಕುವ ದಾರಿಯಿಲ್ಲವಲ್ಲ.

ಇಷ್ಟು ಹೇಳಿ ಇಲಿ ಸಾಕುವವರ ಸ್ವಭಾವದ ಬಗ್ಗೆ ಗಂಭೀರವಾದದ್ದೊಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಣ್ಣು ಬಿಡದ ಮರಿ ಅಡ್ಡ ಬಂತು.

ಹುಟ್ಟಿದ ಮರಿ ಐದಾರು ಗ್ರಾಂ. ಗುಲಾಬಿ ಬಣ್ಣ, ರೋಮವಿಲ್ಲ, ಕಣ್ಣು ತೆರೆಯಲು ಎರಡು ವಾರ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯ ಎಡಗಡೆ ಬಿಳಿ ಪಟ್ಟಿಯಾಗಿ ಹೊರಗೇ ಕಾಣುತ್ತದೆ. ಪಟ್ಟಿ ಕಂಡರೆ ತಾಯಿ ಕುಡಿಸುತ್ತಿದ್ದಾಳೆ, ನೀವು ಸುಮ್ಮನಿರಿ. ತಾಯಿ ಸತ್ತಿದ್ದರೆ, ಅದೇ ವಯಸ್ಸಿನ ಮರಿಗಳಿರುವ ಬೇರೆ ತಾಯಿಯನ್ನು ಹುಡುಕಿ. ಅವಳ ಗೂಡಿನ ಹಾಸಿನಲ್ಲಿ ಅನಾಥ ಮರಿಯನ್ನು ಉಜ್ಜಿ ಬಿಟ್ಟರೆ ಸಾಮಾನ್ಯವಾಗಿ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಅದೂ ಸಿಗದಿದ್ದರೆ ನಿಮ್ಮ ನಿದ್ದೆಗೆ ನಮಸ್ಕಾರ. ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ ತನ್ನಿ, ಹಸುವಿನ ಹಾಲು ಭೇದಿ ತರಿಸುತ್ತದೆ. ಮೊದಲ ವಾರ ಎರಡೆರಡು ಗಂಟೆಗೆ, ರಾತ್ರಿಯೂ, ಒಂದು ಸಲಕ್ಕೆ ಕಾಲು ಎಂ.ಎಲ್. ಕುಡಿಸುವ ಮೊದಲು ಮರಿ ಬೆಚ್ಚಗಿರಬೇಕು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ನಿಲ್ಲುತ್ತದೆ. ಡಬ್ಬಿಯ ಅರ್ಧ ಭಾಗಕ್ಕೆ ಮಾತ್ರ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಇಡಿ; ಸೆಕೆಯಾದರೆ ತೆವಳಿ ಆಚೆ ಹೋಗಲು ಜಾಗವಿರಲಿ.

ಸಿರಿಂಜು ಒತ್ತುವವರ ಕೈ ಅವಸರದ್ದು. ಹಾಲು ಶ್ವಾಸಕೋಶಕ್ಕೆ ಹೋಗಿ ಮೂಗಿನಲ್ಲಿ ಗುಳ್ಳೆ ಬರುತ್ತದೆ, ಮುಂದೆ ನ್ಯುಮೋನಿಯ. ಚಿತ್ರ ಬರೆಯುವ ಸಣ್ಣ ಕುಂಚ ವಾಸಿ: ಉಗುರುಬೆಚ್ಚಗಿನ ಹಾಲಿನಲ್ಲಿ ಅದ್ದಿ, ಹೊಟ್ಟೆ ಕೆಳಗಾಗಿ ಮಲಗಿದ ಮರಿಯ ತುಟಿಗೆ ತಾಗಿಸಿದರೆ ತಾನೇ ನೆಕ್ಕುತ್ತದೆ. ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ ಹಿಡಿದು ಒರೆಸಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಸವರಬೇಕು. ತಾಯಿ ನೆಕ್ಕಿದಂತೆ ಆಗದೆ ಮರಿ ಉಚ್ಚೆ ಹೊಯ್ಯುವುದಿಲ್ಲ, ಹೊಟ್ಟೆ ಉಬ್ಬಿ ಸಾಯುತ್ತದೆ. ಹಾಲು ಕುಡಿಸಲು ಮನೆಮಂದಿಯೆಲ್ಲ ಮುಗಿಬೀಳುತ್ತಾರೆ, ಫೋಟೋ ತೆಗೆಯುತ್ತಾರೆ. ಈ ಹತ್ತಿಯ ಕೆಲಸಕ್ಕೆ ಯಾರೂ ಬರುವುದಿಲ್ಲ. ಕಣ್ಣು ಬಿಟ್ಟ ಮೇಲೆ ಬಾಟಲಿ ಮುಚ್ಚಳದಲ್ಲಿ ಹಾಲು, ನೆನೆಸಿದ ಉಂಡೆ. ನಾಲ್ಕೈದು ವಾರಕ್ಕೆ ಪೂರ್ತಿ ಗಟ್ಟಿ ಊಟ.

ಗೂಡಿಗೆ ಹಾಸಲೆಂದು ಮರದ ಹೊಟ್ಟಿನ ಮೂಟೆಯನ್ನೂ ಅಂಗಡಿಯವನು ಕಟ್ಟಿಕೊಡುತ್ತಾನೆ. ಅಲ್ಲೇ ಬಿಟ್ಟು ಬನ್ನಿ. ಪೈನ್, ಸೀಡರ್ ವಾಸನೆ, ದೂಳು, ಉಚ್ಚೆಯ ಅಮೋನಿಯ ಸೇರಿದರೆ ಇಲಿಯ ಶ್ವಾಸಕೋಶ ಉಳಿಯದು. ಹರಿದ ಕಾಗದ ಸಾಕು. ಕಣ್ಣಂಚಿನಲ್ಲಿ ಕೆಂಪು ಕಂಡರೆ ಅದು ರಕ್ತವಲ್ಲ, ಪೋರ್ಫಿರಿನ್ ಎಂಬ ಬಣ್ಣದ ಸ್ರಾವ. ಆದರೂ ಬರುತ್ತಲೇ ಇದ್ದರೆ ವೈದ್ಯರ ಹತ್ತಿರ ಓಡಿ. ಪಂಜರದ ಜಾಲರಿಯ ಸಂದು ಅರ್ಧ ಇಂಚು ದಾಟಬಾರದು.

ಇನ್ನು ಆ ರಟ್ಟಿನ ಡಬ್ಬಿಯ ಮೇಲೆ ಬಾಯಿಮಾತಿನ ಗ್ಯಾರಂಟಿ ಒಂದಿರುತ್ತದೆ: "ಎರಡೂ ಹೆಣ್ಣೇ ಸಾರ್." ಬಾಲ ಎತ್ತಿ ನೀವೇ ನೋಡಿ. ಉಚ್ಚೆಯ ರಂಧ್ರಕ್ಕೂ ಮಲದ ರಂಧ್ರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು. ನಾಲ್ಕನೆಯ ವಾರಕ್ಕೆ ವೃಷಣವೇ ಕಾಣುತ್ತದೆ. ಐದು ವಾರಕ್ಕೆ ಬೇರೆ ಮಾಡದಿದ್ದರೆ ಅಣ್ಣತಂಗಿ ಎಂಬ ಲೆಕ್ಕ ಅವುಗಳಿಗಿಲ್ಲ. ಬಸಿರು 21ರಿಂದ 23 ದಿನ, ಹೆತ್ತ ದಿನವೇ ಮತ್ತೆ ಬಸಿರಾಗಬಹುದು. ಎಂಟೋ ಹತ್ತೋ ಮರಿಗಳನ್ನು ಹೊತ್ತು ಅಂಗಡಿಗೆ ವಾಪಸು ಹೋದರೆ ಅವನು ಬೇಡ ಎನ್ನುವುದಿಲ್ಲ. ಹೊಸ ಡಬ್ಬಿಗೆ ತೂತು ಹೊಡೆಯುತ್ತಾನೆ.