ಒಳಗಿನ ಬೆಳಕು ಸರಿಯೋ ತಪ್ಪೋ ಅಂತ ಹೇಳುವವರು ಯಾರು?

17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರಾದ ಕ್ವೇಕರರ ವಿಷಯ ಬಂದಾಗಲೆಲ್ಲ ಎರಡೇ ಮಾತು ಕೇಳಿಬರುತ್ತದೆ. ಮೌನವಾಗಿ ಕೂತು ಪ್ರಾರ್ಥನೆ ಮಾಡುವ ಸಾಧು ಜನ, ಯುದ್ಧ ಬೇಡ ಅನ್ನುವ ಜನ. ಎರಡೂ ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಪಂಥ ಹುಟ್ಟಿದಾಗ ಇದ್ದ ಕಾವು, ಗಲಾಟೆ, ರಕ್ತ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಅವರ ಮೊದಲ ನೂರು ವರ್ಷದ ಚರಿತ್ರೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ಕೂರಿಸಿದ್ದು ಒಂದೇ ಪ್ರಶ್ನೆ. ದೇವರು ಪ್ರತಿಯೊಬ್ಬರ ಒಳಗೂ ನೇರವಾಗಿ ಮಾತಾಡುತ್ತಾನೆ ಅಂತ ಒಪ್ಪಿಕೊಂಡಿರಿ. ಸರಿ. ಹಾಗಾದರೆ ಒಬ್ಬ ಮನುಷ್ಯನಿಗೆ ಕೇಳಿಸಿದ್ದು ದೇವರ ದನಿಯೋ ಅವನದೇ ಅಹಂಕಾರವೋ, ಯಾರು ತೀರ್ಮಾನ ಮಾಡಬೇಕು?

ಮೊದಲು ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್. 1624ರಲ್ಲಿ ಲೆಸ್ಟರ್‌ಶೈರ್‌ನ ಒಂದು ಹಳ್ಳಿಯಲ್ಲಿ ನೇಕಾರನ ಮಗನಾಗಿ ಹುಟ್ಟಿದ. ಚಪ್ಪಲಿ ಹೊಲಿಯುವವನ ಹತ್ತಿರ ಕೆಲಸ ಕಲಿತ. 1643ರಲ್ಲಿ, 19ನೇ ವಯಸ್ಸಿಗೆ, ಮನೆ ಬಿಟ್ಟು ಹೊರಟ. ಇಂಗ್ಲೆಂಡಿನಲ್ಲಿ ಆಗ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. ಬೈಬಲ್ ಜನರ ಭಾಷೆಯಲ್ಲಿ ಕೈಗೆ ಸಿಕ್ಕಿತ್ತು, ಊರೂರಲ್ಲೂ ಹೊಸ ಹೊಸ ಪಂಥ ಏಳುತ್ತಿದ್ದವು. ಈ ಹುಡುಗನಿಗೆ ಒಳಗೆ ಏನೋ ತಳಮಳ. ಸಿಕ್ಕ ಸಿಕ್ಕ ಪಾದ್ರಿಗಳ ಹತ್ತಿರ ಹೋಗಿ ಕೇಳಿದ. ಮ್ಯಾನ್ಸೆಟರ್‌ನ ಮುದಿ ಪಾದ್ರಿಯೊಬ್ಬ, ಹೊಗೆಸೊಪ್ಪು ಹಾಕು, ಕೀರ್ತನೆ ಹಾಡು ಅಂದ. ಕವೆಂಟ್ರಿಯ ಇನ್ನೊಬ್ಬ ದೊಡ್ಡ ವಿದ್ವಾಂಸ ತೋಟದಲ್ಲಿ ಅಡ್ಡಾಡುತ್ತಾ ಮಾತಾಡುತ್ತಿದ್ದ. ದಾರಿ ಕಿರಿದು, ತಿರುಗುವಾಗ ಫಾಕ್ಸ್‌ನ ಕಾಲು ಹೂವಿನ ಪಾತಿಯ ಅಂಚಿಗೆ ತಗುಲಿತು. ಮನೆಗೇ ಬೆಂಕಿ ಬಿದ್ದಂತೆ ಆತ ಕೂಗಾಡಿದನಂತೆ. ದೇವರ ಬಗ್ಗೆ ಶುರುವಾದ ಮಾತು ಹೂವಿನ ಪಾತಿಯಲ್ಲಿ ಮುಗಿಯಿತು. ಫಾಕ್ಸ್ ಇದನ್ನು ಮುಂದೆ ತನ್ನ ದಿನಚರಿಯಲ್ಲಿ ಹೇಳಿಕೊಂಡಿದ್ದಾನೆ. ಅವನ ಮನಸ್ಸಿನಲ್ಲಿ ಪುರೋಹಿತಶಾಹಿ ಕುಸಿದದ್ದು ದೊಡ್ಡ ತತ್ವವಿಚಾರದಿಂದಲ್ಲ, ಇಂಥ ಸಣ್ಣ ಸಣ್ಣ ಭೇಟಿಗಳಿಂದ ಅಂತಲೇ ನನಗನ್ನಿಸುತ್ತದೆ.

1647ರ ಹೊತ್ತಿಗೆ ಎಲ್ಲರ ಮೇಲಿನ ಆಸೆಯೂ ಬತ್ತಿಹೋದಾಗ ಒಂದು ದನಿ ಕೇಳಿಸಿತು ಅನ್ನುತ್ತಾನೆ: ನಿನ್ನ ಸ್ಥಿತಿ ಬಲ್ಲವನು, ಅದಕ್ಕೆ ತಕ್ಕ ಮಾತು ಆಡಬಲ್ಲವನು ಒಬ್ಬನೇ ಇದ್ದಾನೆ, ಅವನು ಕ್ರಿಸ್ತ. ಉಳಿದ ಬೋಧನೆಯೆಲ್ಲ ಇದರಿಂದಲೇ ಹೊರಟದ್ದು. ಕ್ರಿಸ್ತನ ಬೆಳಕು ಎಲ್ಲರ ಒಳಗೂ ಇದೆ. ಗಂಡಸು ಹೆಂಗಸು, ಓದಿದವ ಓದದವ ಅನ್ನುವ ಭೇದ ಇಲ್ಲ. ಹಾಗಾದ ಮೇಲೆ ನಡುವೆ ಪಾದ್ರಿ ಯಾಕೆ? ನೀರಿನ ದೀಕ್ಷಾಸ್ನಾನ ಯಾಕೆ, ರೊಟ್ಟಿ ದ್ರಾಕ್ಷಾರಸದ ವಿಧಿ ಯಾಕೆ? ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡುವುದು ಯಾಕೆ? ಎಲ್ಲರೂ ಸೇರಿ ಸುಮ್ಮನೆ ಕೂರೋಣ, ಯಾರಿಗೆ ಒಳಗಿನಿಂದ ಪ್ರೇರಣೆ ಆಗುತ್ತದೋ ಅವರು ಎದ್ದು ಮಾತಾಡಲಿ.

1650ರಲ್ಲಿ ಡರ್ಬಿಯಲ್ಲಿ ದೇವನಿಂದನೆಯ ಆರೋಪದ ಮೇಲೆ ಜೈಲಿಗೆ ಹಾಕಿದರು. ದೇವರ ಮಾತಿಗೆ ನಡುಗಿ ಅಂತ ಫಾಕ್ಸ್ ನ್ಯಾಯಾಧೀಶನಿಗೆ ಹೇಳಿದ್ದಕ್ಕೆ, ಓ ಇವರು ನಡುಗುವವರು, ಅಂತ ಆತ ಹಂಗಿಸಿದ. ಕ್ವೇಕರ್ ಅನ್ನುವ ಹೆಸರು ಅಂಟಿಕೊಂಡದ್ದು ಹಾಗೆ. ಅವರು ತಮ್ಮನ್ನು ಕರೆದುಕೊಂಡದ್ದು ಫ್ರೆಂಡ್ಸ್ ಅಂತ, ಈಗಲೂ ಅಧಿಕೃತವಾಗಿ ಅದೇ. (ಓಟ್ಸ್ ಡಬ್ಬದ ಮೇಲಿನ ಟೋಪಿಯ ಮುದುಕನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ಅದು 19ನೇ ಶತಮಾನದಲ್ಲಿ ಅಮೆರಿಕದ ವ್ಯಾಪಾರಿಗಳು ಇಟ್ಟುಕೊಂಡ ಹೆಸರು.)

ಆಗಿನ ಕ್ವೇಕರರು ಸಾಧುಗಳಾಗಿರಲಿಲ್ಲ. ಪಾದ್ರಿ ಉಪದೇಶ ಮುಗಿಸುತ್ತಿದ್ದಂತೆ ಚರ್ಚಿನಲ್ಲೇ ಎದ್ದು ನಿಂತು ವಾದಕ್ಕಿಳಿಯುತ್ತಿದ್ದರು. 1651ರ ಚಳಿಯಲ್ಲಿ ಫಾಕ್ಸ್ ಬರಿಗಾಲಲ್ಲಿ ಲಿಚ್‌ಫೀಲ್ಡ್ ಪೇಟೆಯ ಬೀದಿಗಳಲ್ಲಿ, ರಕ್ತದ ಊರೇ ನಿನಗೆ ಅಯ್ಯೋ, ಅಂತ ಕೂಗುತ್ತಾ ನಡೆದ. ಕೆಲವರು ಇದು ನಿಮಗೊಂದು ಸಂಕೇತ ಅಂತ ಬೆತ್ತಲೆಯಾಗಿ ಬೀದಿಗಿಳಿದರು. ನ್ಯಾಯಾಧೀಶನ ಮುಂದೆ ಟೋಪಿ ತೆಗೆಯುವುದಿಲ್ಲ, ಕೋರ್ಟಿನಲ್ಲಿ ಪ್ರಮಾಣ ಮಾಡುವುದಿಲ್ಲ, ದೊಡ್ಡವರನ್ನೂ ಏಕವಚನದಲ್ಲೇ ಮಾತಾಡಿಸುತ್ತೇವೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ ನೀನು-ನೀವು ಹಾಗೇ ಎರಡು ರೂಪ ಇದ್ದವು. ಜಮೀನ್ದಾರನ ಎದುರು ಕೂಲಿಯವನು ನಿಂತು 'ನೀನು' ಅಂದರೆ ಏನಾಗುತ್ತದೆ ಅನ್ನುವುದನ್ನು ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಪೆಟ್ಟು ಬೀಳುತ್ತಿತ್ತು.

1652 ಇವರ ಪಾಲಿಗೆ ದೊಡ್ಡ ವರ್ಷ. ಪೆಂಡಲ್ ಗುಡ್ಡ ಹತ್ತಿದ ಫಾಕ್ಸ್‌ಗೆ ಅಲ್ಲಿ ದರ್ಶನವಾಯಿತು. ಜೂನ್‌ನಲ್ಲಿ ಫರ್ಬ್ಯಾಂಕ್ ಬೆಟ್ಟದ ಬಂಡೆಯ ಮೇಲೆ ನಿಂತು ಸುಮಾರು ಸಾವಿರ ಜನರಿಗೆ ಮೂರು ಗಂಟೆ ಮಾತಾಡಿದ. ಅದಾದ ಮೇಲೆ ಅಲ್ವರ್‌ಸ್ಟನ್‌ನ ಚರ್ಚಿನಲ್ಲಿ ಮಾರ್ಗರೆಟ್ ಫೆಲ್ ಅವನ ಮಾತು ಕೇಳಿದಳು. "ಕ್ರಿಸ್ತ ಹೀಗೆ ಹೇಳಿದ, ಅಪೊಸ್ತಲರು ಹಾಗೆ ಹೇಳಿದರು ಅನ್ನುತ್ತೀರಿ, ಆದರೆ ನೀನು ಏನು ಹೇಳಬಲ್ಲೆ?" ಈ ಮಾತು ಎದೆಗೆ ನಾಟಿತು, ನಾವೆಲ್ಲ ಕಳ್ಳರು, ಗ್ರಂಥದ ಮಾತುಗಳನ್ನು ಕದ್ದುಕೊಂಡೆವು, ನಮ್ಮೊಳಗೆ ಅದರ ಅರಿವೇ ಇಲ್ಲ, ಅಂತ ಅಲ್ಲೇ ಕೂತು ಅತ್ತೆ ಅಂತ ಆಕೆಯೇ ಮುಂದೆ ಬರೆದಳು.

ಫಾಕ್ಸ್‌ನ ಹೆಸರು ಎಲ್ಲರೂ ಹೇಳುತ್ತಾರೆ, ಮಾರ್ಗರೆಟ್ ಫೆಲ್ ಹೆಸರು ಹೇಳುವುದು ಕಡಿಮೆ. ನನಗೆ ಇದು ತೀರಾ ಅನ್ಯಾಯ ಅನ್ನಿಸುತ್ತದೆ. ಸ್ವಾರ್ಥ್‌ಮೋರ್‌ನ ಆಕೆಯ ದೊಡ್ಡ ಮನೆಯೇ ಪಂಥದ ಕಚೇರಿ. ಜೈಲಿನಲ್ಲಿದ್ದವರಿಗೆ ಪತ್ರ, ಊರೂರು ತಿರುಗುವ ಬೋಧಕರ ಖರ್ಚಿಗೆ ನಿಧಿ, ರಾಜನಿಗೆ ಅರ್ಜಿ, ಎಲ್ಲ ಅಲ್ಲಿಂದ. ಗಂಡ ಥಾಮಸ್ ಫೆಲ್ ನ್ಯಾಯಾಧೀಶ; ತಾನು ಕೊನೆಯವರೆಗೂ ಪಂಥ ಸೇರಲಿಲ್ಲ, ಆದರೆ ಮನೆಯಲ್ಲಿ ಸಭೆ ನಡೆಯಲು ಬಿಟ್ಟ, ತನ್ನ ಕೋಣೆಯ ಬಾಗಿಲು ತೆರೆದಿಟ್ಟು ಕೇಳಿಸಿಕೊಳ್ಳುತ್ತಿದ್ದನಂತೆ. 1658ರಲ್ಲಿ ಆತ ತೀರಿಕೊಂಡ ಮೇಲೆ ರಕ್ಷಣೆ ಹೋಯಿತು. ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಲೇ, ಹೆಂಗಸರು ಧರ್ಮಬೋಧನೆ ಮಾಡುವುದು ಬೈಬಲ್‌ಗೆ ಸಮ್ಮತ ಅಂತ ವಾದಿಸುವ ಪುಸ್ತಿಕೆ ಬರೆದು 1666ರಲ್ಲಿ ಹೊರತಂದಳು. 1669ರಲ್ಲಿ ಫಾಕ್ಸ್‌ನನ್ನು ಮದುವೆಯಾದಳು.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಜೇಮ್ಸ್ ನೇಲರ್ ಇಲ್ಲದೆ ಈ ಪ್ರಶ್ನೆ ಇಲ್ಲ.

ಯಾರ್ಕ್‌ಶೈರ್‌ನ ರೈತ, ಪಾರ್ಲಿಮೆಂಟ್ ಸೈನ್ಯದಲ್ಲಿದ್ದವನು, ಫಾಕ್ಸ್‌ಗಿಂತಲೂ ಚೆನ್ನಾಗಿ ಮಾತಾಡಬಲ್ಲವನು ಅಂತ ಹೆಸರು ಮಾಡಿದವನು. ಲಂಡನ್ನಿನಲ್ಲಿ ಅವನ ಸುತ್ತ ಭಕ್ತರು ಕೂಡಿಕೊಂಡರು. 1656ರ ಅಕ್ಟೋಬರ್‌ನಲ್ಲಿ ಸುರಿಯುವ ಮಳೆಯಲ್ಲಿ, ಕುದುರೆಯ ಮೇಲೆ ಕೂತು ಬ್ರಿಸ್ಟಲ್ ನಗರ ಹೊಕ್ಕ. ಮೊಣಕಾಲುದ್ದದ ಕೆಸರು. ಸುತ್ತ ಹೆಂಗಸರು, ಗಂಡಸರು 'ಪವಿತ್ರ, ಪವಿತ್ರ, ಪವಿತ್ರ' ಅಂತ ಹಾಡುತ್ತಿದ್ದರು. ಯೇಸು ಜೆರುಸಲೇಮಿಗೆ ಬಂದದ್ದರ ಅನುಕರಣೆ ಅದು. ನಾನೇ ಕ್ರಿಸ್ತ ಅಂತ ಹೇಳಲಿಲ್ಲ, ಕ್ರಿಸ್ತ ಎಲ್ಲರೊಳಗೂ ಇದ್ದಾನೆ ಅನ್ನುವುದಕ್ಕೆ ಇದು ಸಂಕೇತ, ಅಂದ. ಪಾರ್ಲಿಮೆಂಟೇ ವಿಚಾರಣೆಗೆ ಕೂತಿತು. ಮರಣದಂಡನೆ ತಪ್ಪಿದ್ದು 96ಕ್ಕೆ 82 ಮತಗಳಲ್ಲಿ. ಬದಲಿಗೆ ಲಂಡನ್ನಿನ ಬೀದಿಯಲ್ಲಿ 310 ಚಾಟಿಯೇಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆಯ ಮೇಲೆ ದೇವನಿಂದಕ ಅನ್ನುವುದರ ಮೊದಲಕ್ಷರದ ಬರೆ. ಬರೆ ಹಾಕುವ ಹೊತ್ತಿಗೆ ನೆರೆದ ಸಾವಿರಾರು ಜನ ಟೋಪಿ ತೆಗೆದು ನಿಂತಿದ್ದರು ಅಂತ ಅಲ್ಲಿದ್ದವರು ದಾಖಲಿಸಿದ್ದಾರೆ.

ಪಾರ್ಲಿಮೆಂಟಿನ ಕ್ರೌರ್ಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನೇಲರ್ ಬ್ರಿಸ್ಟಲ್‌ಗೆ ಹೋಗುವುದಕ್ಕೂ ಒಂದು ತಿಂಗಳ ಹಿಂದೆ ಎಕ್ಸಿಟರ್ ಜೈಲಿನಲ್ಲಿ ನಡೆದದ್ದು. ನೇಲರ್ ದಾರಿ ತಪ್ಪುತ್ತಿದ್ದಾನೆ ಅಂತ ಫಾಕ್ಸ್ ನೋಡಲು ಹೋಗಿದ್ದ. ಮಾತು ಕೆಟ್ಟಿತು. ಕೊನೆಗೆ ನೇಲರ್ ಪ್ರೀತಿಯಿಂದ ಮುತ್ತಿಡಲು ಬಂದಾಗ ಫಾಕ್ಸ್ ಕೆನ್ನೆ ಕೊಡಲಿಲ್ಲ, ಕಾಲು ಚಾಚಿದ. ಎಲ್ಲರೊಳಗೂ ಬೆಳಕಿದೆ ಅಂದವನು, ಯಾರ ಮುಂದೆಯೂ ತಲೆಬಾಗಬೇಡಿ ಅಂದವನು ಮಾಡಿದ ಕೆಲಸ ಇದು. ನೇಲರ್ ಹುಚ್ಚಾಟಕ್ಕೆ ಹತ್ತಿರ ಬಂದಿದ್ದ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೂ ಆ ಕಾಲನ್ನು ನಾನು ಕ್ಷಮಿಸಲಾರೆ.

ನೇಲರ್ 1659ರಲ್ಲಿ ಬಿಡುಗಡೆಯಾದ. ವಿಲಿಯಂ ಡ್ಯೂಸ್‌ಬರಿ ಅನ್ನುವ ಸ್ನೇಹಿತ ಇಬ್ಬರನ್ನೂ ರಾಜಿ ಮಾಡಿಸಿದ. ಮಂಡಿಯೂರಿದ್ದು ಅಲ್ಲೂ ನೇಲರ್‌ನೇ. 1660ರ ಅಕ್ಟೋಬರ್‌ನಲ್ಲಿ ಊರಿಗೆ ನಡೆದು ಹೋಗುವಾಗ ದರೋಡೆಗೆ ಸಿಕ್ಕಿ ಸತ್ತ. ಸಾಯುವ ಮುನ್ನ ಆಡಿದ ಮಾತು ಕ್ವೇಕರರ ಬರವಣಿಗೆಯಲ್ಲೇ ನನಗೆ ಅತಿ ದೊಡ್ಡದು: "ಕೆಡುಕು ಮಾಡುವುದರಲ್ಲಾಗಲಿ, ಅನ್ಯಾಯಕ್ಕೆ ಸೇಡು ತೀರಿಸುವುದರಲ್ಲಾಗಲಿ ಸುಖ ಕಾಣದ, ಎಲ್ಲವನ್ನೂ ತಾಳಿಕೊಳ್ಳುವುದರಲ್ಲೇ ಆನಂದಪಡುವ ಒಂದು ಚೇತನ ನನ್ನ ಅನುಭವಕ್ಕೆ ಬಂದಿದೆ."

ಈ ಪ್ರಕರಣದಿಂದ ಪಂಥ ಬೆಚ್ಚಿಬಿತ್ತು. ಮುಂದಿನ ವರ್ಷಗಳಲ್ಲಿ ಕಟ್ಟುಪಾಡು ಬೆಳೆಯಿತು. 1660ರ ದಶಕದ ಕೊನೆಗೆ ಫಾಕ್ಸ್ ಊರೂರು ತಿರುಗಿ, ಪಂಥದ ವ್ಯವಹಾರ ನೋಡಿಕೊಳ್ಳುವ ಮಾಸಿಕ ಸಭೆಗಳನ್ನು ಸ್ಥಾಪಿಸಿದ. ಪ್ರಾರ್ಥನೆಯ ವೇಳೆ ಟೋಪಿ ತೆಗೆಯುವುದು ಕೂಡ ಒಣ ಆಚಾರವೇ ಅಂದ ಜಾನ್ ಪೆರೊಟ್‌ನನ್ನು ಹೊರಗಿಟ್ಟರು. ನ್ಯಾಯಾಧೀಶನಿಗೆ ಟೋಪಿ ತೆಗೆಯದೆ ಜೈಲು ಕಂಡ ಜನವೇ! ಶಾಂತಿಯ ಘೋಷಣೆಯೂ ಈ ಅವಧಿಯದೇ. 1661ರ ಜನವರಿಯಲ್ಲಿ ಬೇರೊಂದು ಪಂಥದವರು ಲಂಡನ್ನಿನಲ್ಲಿ ದಂಗೆ ಎದ್ದಾಗ ಸಾವಿರಾರು ಕ್ವೇಕರರನ್ನೂ ಹಿಡಿದು ಜೈಲಿಗೆ ತುಂಬಿದರು. ಯಾವ ಕಾರಣಕ್ಕೂ ಯಾವ ನೆವಕ್ಕೂ ನಾವು ಆಯುಧ ಹಿಡಿಯುವುದಿಲ್ಲ ಅಂತ ಆಗ ರಾಜನಿಗೆ ಬರೆದುಕೊಟ್ಟರು. ಫಾಕ್ಸ್ ಹತ್ತು ವರ್ಷ ಮೊದಲೇ ಸೈನ್ಯದ ಹುದ್ದೆ ಬೇಡ ಅಂದಿದ್ದ, ನಿಜ. ಆದರೆ ಅವನ ಜೊತೆಯವರಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ಸಿಪಾಯಿಗಳೇ ಆಗಿದ್ದರು.

ನನ್ನ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅವರ ಕಾರ್ಯಸಭೆಯಲ್ಲಿದೆ. ಅಲ್ಲಿ ಮತಕ್ಕೆ ಹಾಕುವುದಿಲ್ಲ. ಕ್ಲರ್ಕ್ ಒಬ್ಬರು ವಿಷಯ ಮುಂದಿಡುತ್ತಾರೆ. ಒಬ್ಬರು ಮಾತಾಡಿದ ಮೇಲೆ ಸ್ವಲ್ಪ ಹೊತ್ತು ಮೌನ, ಆಮೇಲೆ ಇನ್ನೊಬ್ಬರು. ಸಭೆಯ ಮನಸ್ಸು ಎತ್ತ ವಾಲುತ್ತಿದೆ ಅಂತ ಗ್ರಹಿಸಿ ಕ್ಲರ್ಕ್ ಅಲ್ಲೇ ನಡಾವಳಿ ಬರೆದು ಓದುತ್ತಾರೆ. ಒಪ್ಪಿದರೆ ಆಯಿತು. ಒಪ್ಪಿಗೆ ಕೂಡದಿದ್ದರೆ ವಿಷಯ ಮುಂದಕ್ಕೆ ಹೋಗುತ್ತದೆ, ತಿಂಗಳಾಗಲಿ ವರ್ಷವಾಗಲಿ. 51 ಜನ ಸೇರಿ 49 ಜನರ ಬಾಯಿ ಮುಚ್ಚಿಸುವುದು ಇಲ್ಲ. ಇದನ್ನು ಮೊದಲು ಓದಿದಾಗ, ಇಷ್ಟು ಪ್ರೌಢವಾದ ವ್ಯವಸ್ಥೆ ಇನ್ನೊಂದಿಲ್ಲ ಅನ್ನಿಸಿತು. ಈಗಲೂ ಬಹುಮಟ್ಟಿಗೆ ಹಾಗೇ ಅನ್ನಿಸುತ್ತದೆ.

ಆದರೆ ಕಾಯುವುದಕ್ಕೂ ಬೆಲೆ ಇದೆ. ಅದನ್ನು ತೆರುವವರು ಯಾರು?

ವಿಲಿಯಂ ಪೆನ್ ಅನ್ನುವ ಕ್ವೇಕರನಿಗೆ 1681ರಲ್ಲಿ ರಾಜನಿಂದ ಅಮೆರಿಕದ ಪೆನ್ಸಿಲ್ವೇನಿಯಾ ಸಿಕ್ಕಿತು. ಅಲ್ಲಿ ಧಾರ್ಮಿಕ ಸ್ವಾತಂತ್ರ್ಯ ಇತ್ತು. ಪೆನ್ ಗುಲಾಮರನ್ನೂ ಇಟ್ಟುಕೊಂಡಿದ್ದ. 1688ರಲ್ಲಿ ಜರ್ಮನ್‌ಟೌನ್‌ನ ನಾಲ್ವರು, ಗುಲಾಮಗಿರಿ ತಪ್ಪು ಅಂತ ಸಹಿ ಮಾಡಿ ಸಭೆಗೆ ಕೊಟ್ಟರು. ಮಾಸಿಕ ಸಭೆ ಇದು ನಮ್ಮ ಕೈಮೀರಿದ್ದು ಅಂತ ತ್ರೈಮಾಸಿಕ ಸಭೆಗೆ ಕಳಿಸಿತು, ಅದು ವಾರ್ಷಿಕ ಸಭೆಗೆ, ಅದು ಬದಿಗಿಟ್ಟಿತು. ಆ ಹಾಳೆ ಮತ್ತೆ ಸಿಕ್ಕಿದ್ದು 1844ರಲ್ಲಿ. ನಡುವೆ ಬೆಂಜಮಿನ್ ಲೇ ಅನ್ನುವ ಕ್ವೇಕರ ಬಂದ. ನಾಲ್ಕಡಿಗಿಂತ ತುಸು ಎತ್ತರ, ಗೂನುಬೆನ್ನು, ಬಾರ್ಬಡೋಸ್‌ನಲ್ಲಿ ಗುಲಾಮರ ಪಾಡು ಕಣ್ಣಾರೆ ಕಂಡವನು. 1738ರ ವಾರ್ಷಿಕ ಸಭೆಗೆ, ನ್ಯೂಜೆರ್ಸಿಯ ಬರ್ಲಿಂಗ್ಟನ್‌ಗೆ, ಮೇಲಂಗಿಯೊಳಗೆ ಸೈನಿಕರ ಕೋಟು ತೊಟ್ಟು, ಕತ್ತಿ ಸಿಕ್ಕಿಸಿಕೊಂಡು ಹೋದ. ಕೈಯಲ್ಲಿ ಒಳಗೆ ಟೊಳ್ಳು ಮಾಡಿದ ಪುಸ್ತಕ. ಅದರೊಳಗೆ ಕೆಂಪು ಹಣ್ಣಿನ ರಸ ತುಂಬಿದ ಚೀಲ. ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೇ ಹರಿಸುತ್ತಾನೆ ಅಂತ ಕೂಗಿ ಕತ್ತಿಯಿಂದ ತಿವಿದ. ಸುತ್ತ ಕೂತವರ ಮೇಲೆಲ್ಲ ಕೆಂಪು ಚಿಮ್ಮಿತು. ಎತ್ತಿ ಹೊರಗೆ ಹಾಕಿದರು. ಸದಸ್ಯತ್ವವೂ ಹೋಯಿತು.

ಬೆಂಜಮಿನ್ ಲೇ ಮಾಡಿದ್ದು ನೇಲರ್ ಮಾಡಿದಂಥದ್ದೇ. ಒಳಗಿನ ಪ್ರೇರಣೆಗೆ ನಾಟಕೀಯವಾದ ಸಂಕೇತದ ರೂಪ ಕೊಟ್ಟದ್ದು. ಸಭೆಯ ನಿಯಮದಂತೆ ಇಬ್ಬರೂ ತಪ್ಪಿತಸ್ಥರು. ಆದರೆ ಈ ಸಲ ತಪ್ಪಿದ್ದು ಸಭೆ. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರ ಮೇಲೆ ಕ್ರಮ ಅಂತ ಫಿಲಡೆಲ್ಫಿಯಾ ವಾರ್ಷಿಕ ಸಭೆ ತೀರ್ಮಾನಿಸಿದ್ದು 1758ರಲ್ಲಿ, ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ್ದು 1776ರಲ್ಲಿ. 1758ರ ಸುದ್ದಿ ಕೇಳಿ, ಇನ್ನು ನಾನು ನೆಮ್ಮದಿಯಿಂದ ಸಾಯಬಹುದು ಅಂದ ಲೇ. ಮುಂದಿನ ಫೆಬ್ರವರಿಯಲ್ಲಿ ತೀರಿಕೊಂಡ. ಈ ಬದಲಾವಣೆಯ ಕೀರ್ತಿಯನ್ನು ಸಾಮಾನ್ಯವಾಗಿ ಮೃದುಮಾತಿನ ಜಾನ್ ವುಲ್ಮನ್‌ಗೆ ಕೊಡುತ್ತಾರೆ. ಮನೆಮನೆಗೆ ಹೋಗಿ, ಮಾಲೀಕರ ಜೊತೆ ಕೂತು ಮಾತಾಡಿ ಒಲಿಸಿದ ದೊಡ್ಡ ಮನುಷ್ಯ ಆತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೇ ಇಲ್ಲದಿದ್ದರೆ ವುಲ್ಮನ್ ಮಾತಿಗೆ ಅಷ್ಟು ಕಿವಿ ಸಿಗುತ್ತಿತ್ತು ಅಂತ ನಾನು ನಂಬುವುದಿಲ್ಲ.

1688ರಿಂದ 1758, ಎಪ್ಪತ್ತು ವರ್ಷ. ಸಭೆ ತಾಳ್ಮೆಯಿಂದ ಒಮ್ಮತಕ್ಕೆ ಕಾದ ಆ ಎಪ್ಪತ್ತು ವರ್ಷ ಹೊಲದಲ್ಲಿ, ಅಡಿಗೆಮನೆಯಲ್ಲಿ ದುಡಿದು ಸತ್ತವರಿಗೆ ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ. ಎಲ್ಲರ ಒಳಗಿನ ಬೆಳಕನ್ನೂ ಕೂಡಿಸಿ ನೋಡುತ್ತೇವೆ ಅನ್ನುವ ವ್ಯವಸ್ಥೆಗೆ 'ಎಲ್ಲರೂ' ಅಂದರೆ ಯಾರು ಅನ್ನುವುದನ್ನು ಒಳಗೆ ಕೂತವರೇ ನಿರ್ಧರಿಸಿದ್ದರು. ಗುಲಾಮಗಿರಿ ಬಿಟ್ಟ ಮೇಲೂ ಇದು ಹೋಗಲಿಲ್ಲ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಸಾರಾ ಮ್ಯಾಪ್ಸ್ ಡಗ್ಲಸ್ ಅನ್ನುವ ಕಪ್ಪು ಶಿಕ್ಷಕಿ ತಾಯಿಯ ಜೊತೆ ಕ್ವೇಕರ್ ಸಭೆಗೆ ಹೋಗುತ್ತಿದ್ದಳು. ಅವರಿಗೆಂದೇ ಬೇರೆ ಬೆಂಚು. ಬಿಳಿಯರು ಅಲ್ಲಿ ಕೂರದಂತೆ ತಡೆಯಲು ಬೆಂಚಿನ ಎರಡೂ ತುದಿಗೆ ಒಬ್ಬೊಬ್ಬರು ಕೂರುತ್ತಿದ್ದರು. ಪಕ್ಕ ಕೂರಲು ಬಂದವರಿಗೆ "ಈ ಬೆಂಚು ಕಪ್ಪು ಜನಕ್ಕೆ" ಅಂತ ಹೇಳುವುದನ್ನು ಒಂದೇ ಸಭೆಯಲ್ಲಿ ಐದಾರು ಸಲ ಕೇಳಿ ಚಿಕ್ಕಂದಿನಲ್ಲೇ ಮನಸ್ಸು ಮುದುಡುತ್ತಿತ್ತು ಅಂತ ಆಕೆ ಪತ್ರದಲ್ಲಿ ಬರೆದಿದ್ದಾಳೆ. ಗುಲಾಮಗಿರಿಯನ್ನು ಮೊದಲು ವಿರೋಧಿಸಿದವರು ಕ್ವೇಕರರು ಅಂತ ಪಾಠಪುಸ್ತಕದ ಸಾಲು ಬರೆಯುವವರು ಜರ್ಮನ್‌ಟೌನ್‌ನ ಹಾಳೆಯ ಜೊತೆಗೆ ಸಾರಾಳ ಪತ್ರವನ್ನೂ ಓದಬೇಕು ಅನ್ನುವುದು ನನ್ನ ಒತ್ತಾಯ.